ಕರುಳು, ಕನಿಕರ, ದಯೆ: ಸಮಾರ್ಯದವನ ಸಾಮ್ಯದ ಕನ್ನಡ ಓದು

ಕ್ರೈಸ್ತಧರ್ಮ ಮತ್ತು ಕನ್ನಡದ ಸಂಬಂಧವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮಿಷನರಿಗಳ ಭಾಷಾಸೇವೆಯ ಸುತ್ತಲೇ ಬೆಳೆದಿವೆ. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಆರಂಭಿಸಿದ 'ಮಂಗಳೂರ ಸಮಾಚಾರ', ಫರ್ಡಿನಾಂಡ್ ಕಿಟ್ಟೆಲ್ ಅವರ 'ಶಬ್ದಮಣಿದರ್ಪಣ'ದ ಸಂಪಾದನೆ, 1894ರ ಕನ್ನಡ-ಇಂಗ್ಲಿಷ್ ನಿಘಂಟು, ಬಾಸೆಲ್ ಮಿಷನ್ನಿನ ಮುದ್ರಣಾಲಯ ಇವೆಲ್ಲ ಸಾಹಿತ್ಯಚರಿತ್ರೆಯ ಪಾಠಗಳಲ್ಲಿ ತಪ್ಪದೆ ಬರುತ್ತವೆ. ಇದು ಸಹಜವೇ ಆದರೂ ಇದರಿಂದ ಒಂದು ಕೊರತೆ ಉಳಿದುಕೊಂಡಿದೆ. ಈ ವಿದ್ವಾಂಸರು ಯಾವ ನಂಬಿಕೆಯ ಒತ್ತಾಸೆಯಿಂದ ಇಲ್ಲಿಗೆ ಬಂದರೋ ಆ ನಂಬಿಕೆಯ ಒಳಗಿನ ಮಾತುಗಳು ಕನ್ನಡದಲ್ಲಿ ಹೇಗೆ ನೆಲೆ ಕಂಡುಕೊಂಡವು, ನೆಲೆ ಕಾಣುವಾಗ ಏನನ್ನು ಕಳೆದುಕೊಂಡವು, ಕನ್ನಡದಿಂದ ಏನನ್ನು ಪಡೆದುಕೊಂಡವು ಎಂಬ ಪ್ರಶ್ನೆಗಳು ಹಿಂದೆ ಸರಿದಿವೆ. ನಿಘಂಟುಕಾರ ಕಿಟ್ಟೆಲ್ ಎಲ್ಲ ಕನ್ನಡ ಅಧ್ಯಾಪಕರಿಗೂ ಪರಿಚಿತರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳಿದ 'ಕಥಾಮಾಲೆ'ಯ ಕಿಟ್ಟೆಲ್ ಅಷ್ಟು ಪರಿಚಿತರಲ್ಲ.

ಪರರ ನೋವಿಗೆ ಮರುಗುವುದನ್ನು ಕ್ರೈಸ್ತ ನಂಬಿಕೆ ತನ್ನ ಜೀವಾಳವೆಂದು ಭಾವಿಸುತ್ತದೆ. ಅದನ್ನು ಸೂಚಿಸಲು ಕನ್ನಡ ಬೈಬಲಿನ ಭಾಷೆಯಲ್ಲಿ ಕನಿಕರ, ದಯೆ, ಕರುಣೆ, ಕೃಪೆ ಎಂಬ ಮಾತುಗಳು ರೂಢಿಯಾಗಿವೆ. ಇವುಗಳಲ್ಲಿ ಯಾವುದೂ ಬೈಬಲಿಗಾಗಿ ಹೊಸದಾಗಿ ಟಂಕಿಸಿದ ಪದವಲ್ಲ. ಪ್ರತಿಯೊಂದಕ್ಕೂ ಅದಕ್ಕಿಂತ ಮೊದಲೇ ಕನ್ನಡದಲ್ಲಿ ಒಂದು ಬದುಕಿತ್ತು. ಈ ಪೂರ್ವಜೀವನವನ್ನು ಗಮನಿಸದೆ ಕ್ರೈಸ್ತ ಕರುಣೆಯ ಕಲ್ಪನೆಯನ್ನು ಕನ್ನಡದಲ್ಲಿ ಚರ್ಚಿಸುವುದು ಕಷ್ಟ. ಪ್ರಸ್ತುತ ಲೇಖನವು ಒಂದೇ ಒಂದು ಕಥೆಯನ್ನು, ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಸಮಾರ್ಯದವನ ಕಥೆಯನ್ನು, ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುತ್ತದೆ. ಇಂಥ ಕಥೆಗೆ ಪ್ರಾಟೆಸ್ಟೆಂಟ್ ಪರಂಪರೆಯ ಕನ್ನಡದಲ್ಲಿ 'ಸಾಮ್ಯ' ಎಂದೂ ಕಥೋಲಿಕ ಪರಂಪರೆಯ ಕನ್ನಡದಲ್ಲಿ 'ಸಾಮತಿ' ಎಂದೂ ಹೆಸರು. ಇಲ್ಲಿ ಮೊದಲನೆಯದನ್ನು ಬಳಸಲಾಗಿದೆ.

1

ಕಥೆ ಪ್ರಸಿದ್ಧವಾದುದೇ. ಆದರೂ ಅದರ ಚೌಕಟ್ಟನ್ನು ನೆನಪಿಸಿಕೊಳ್ಳುವುದು ಅಗತ್ಯ, ಏಕೆಂದರೆ ಉಪದೇಶಗಳಲ್ಲಿ ಹೆಚ್ಚಾಗಿ ಉಳಿಯುವುದು ಕಥೆ, ಕಳೆದುಹೋಗುವುದು ಚೌಕಟ್ಟು. ಧರ್ಮಶಾಸ್ತ್ರವನ್ನು ಬಲ್ಲ ಒಬ್ಬನು ಯೇಸುವನ್ನು ಪರೀಕ್ಷಿಸಲು ನಿತ್ಯಜೀವದ ದಾರಿಯನ್ನು ಕೇಳುತ್ತಾನೆ. ಶಾಸ್ತ್ರದಲ್ಲಿ ಏನಿದೆಯೆಂದು ಯೇಸು ಮರಳಿ ಕೇಳಿದಾಗ ದೇವರನ್ನು ಪ್ರೀತಿಸುವ ಹಾಗೂ ನೆರೆಯವನನ್ನು ಪ್ರೀತಿಸುವ ಎರಡು ವಿಧಿಗಳನ್ನು ಅವನೇ ಹೇಳುತ್ತಾನೆ. ಮೊದಲನೆಯದು ಧರ್ಮೋಪದೇಶಕಾಂಡದಿಂದಲೂ ಎರಡನೆಯದು ಯಾಜಕಕಾಂಡದಿಂದಲೂ ಬಂದವು. ಹಾಗಾಗಿ ನೆರೆಯವನನ್ನು ಪ್ರೀತಿಸಬೇಕೆಂಬುದು ಕ್ರೈಸ್ತಧರ್ಮವು ಯೆಹೂದ್ಯ ಧರ್ಮಕ್ಕೆ ಎದುರಾಗಿ ಕಂಡುಹಿಡಿದ ತತ್ವವಲ್ಲ. ಅದರಿಂದ ಪಡೆದುಕೊಂಡ ತತ್ವ. ಆಮೇಲೆ ಶಾಸ್ತ್ರಜ್ಞನು ತನ್ನನ್ನು ಸಮರ್ಥಿಸಿಕೊಳ್ಳಲು ಇನ್ನೊಂದು ಪ್ರಶ್ನೆಯನ್ನು ಎಸೆಯುತ್ತಾನೆ: ಈ ನೆರೆಯವನು ಯಾರು?

ಇದು ಎಲ್ಲೆಯ ಪ್ರಶ್ನೆ. ಯಾರವರೆಗೆ ಪ್ರೀತಿಸಿದರೆ ಸಾಕು, ಯಾರಿಂದಾಚೆಗೆ ಬಿಟ್ಟುಬಿಡಬಹುದು ಎಂಬುದನ್ನು ತಿಳಿಯುವ ಇಚ್ಛೆ ಅದರೊಳಗಿದೆ. ಉತ್ತರವಾಗಿ ಬರುವ ಕಥೆಯಲ್ಲಿ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದುಹೋಗುತ್ತಿದ್ದ ಒಬ್ಬನನ್ನು ಕಳ್ಳರು ದೋಚಿ, ಹೊಡೆದು, ಅರೆಜೀವ ಮಾಡಿ ಬಿಟ್ಟುಹೋಗುತ್ತಾರೆ. ಸುಮಾರು 27 ಕಿಲೋಮೀಟರಿನ ಆ ದಾರಿ ಸಮುದ್ರಮಟ್ಟಕ್ಕಿಂತ 750 ಮೀಟರಿನಷ್ಟು ಎತ್ತರದ ಬೆಟ್ಟದೂರಿನಿಂದ ಸಮುದ್ರಮಟ್ಟಕ್ಕಿಂತ 250 ಮೀಟರಿನಷ್ಟು ಕೆಳಗಿರುವ ಕಣಿವೆಗೆ, ಬೋಳುಗುಡ್ಡಗಳ ನಡುವೆ ಇಳಿಯುತ್ತದೆ. ಯಾಜಕನೊಬ್ಬ ಬಂದು, ಕಂಡು, ಆಚೆಯ ಬದಿಯಿಂದ ಹೋಗುತ್ತಾನೆ. ಲೇವಿಯನೊಬ್ಬನೂ ಹಾಗೆಯೇ ಮಾಡುತ್ತಾನೆ. ಮೂರನೆಯವನಾಗಿ ಬಂದ ಸಮಾರ್ಯದವನು ಕಂಡು, ಮರುಗಿ, ಹತ್ತಿರ ಹೋಗಿ, ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟುತ್ತಾನೆ. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ಯುತ್ತಾನೆ. ಮರುದಿನ ಛತ್ರದವನಿಗೆ ಎರಡು ದಿನಗೂಲಿಯಷ್ಟು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುವೆನೆಂದು ಹೇಳಿ ಹೊರಡುತ್ತಾನೆ.

ಕಥೆ ಮುಗಿದ ಮೇಲೆ ಯೇಸು ಕೇಳುವ ಪ್ರಶ್ನೆ ಶಾಸ್ತ್ರಜ್ಞ ಕೇಳಿದ ಪ್ರಶ್ನೆಯಲ್ಲ. ನೆರೆಯವನೆಂದು ಯಾರನ್ನು ಪರಿಗಣಿಸಬೇಕು ಎಂಬುದು ಅವನ ಪ್ರಶ್ನೆಯಾಗಿತ್ತು. ಆ ಮೂವರಲ್ಲಿ ಬಿದ್ದವನಿಗೆ ನೆರೆಯವನಾದವನು ಯಾರು ಎಂಬುದು ಯೇಸುವಿನ ಪ್ರಶ್ನೆ. ಮೊದಲ ಪ್ರಶ್ನೆಯಲ್ಲಿ ನೆರೆಯವನು ಪ್ರೀತಿಗೆ ಪಾತ್ರನಾಗುವ ವ್ಯಕ್ತಿ, ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ಕರ್ಮ. ಎರಡನೆಯದರಲ್ಲಿ ಅವನು ಕರ್ತೃ. ಗ್ರೀಕ್ ಮೂಲದಲ್ಲಿ ನೆರೆಯವನಿಗೆ ಬಳಕೆಯಾಗಿರುವ ಪದದ ಅರ್ಥ 'ಹತ್ತಿರ' ಎಂದಷ್ಟೇ. ಕನ್ನಡದ 'ನೆರೆ'ಯೂ ಸ್ಥಳಸಾಮೀಪ್ಯವನ್ನೇ ಹೇಳುತ್ತದೆ. ಆದರೆ ಕನ್ನಡದ ಕಿವಿಗೆ ನೆರೆಯ ಪಕ್ಕದಲ್ಲೇ ಇನ್ನೊಂದು ಪದ ಕೇಳಿಸುತ್ತದೆ: ನೆರವು. ಇವೆರಡರ ವ್ಯುತ್ಪತ್ತಿಸಂಬಂಧ ಏನೇ ಇರಲಿ, ನೆರೆಯಲ್ಲಿರುವುದರಿಂದ ನೆರೆಯವನಾಗುವ ಸ್ಥಿತಿಯನ್ನು ನೆರವಾಗುವುದರಿಂದ ನೆರೆಯವನಾಗುವ ಕ್ರಿಯೆಯಾಗಿ ಪಲ್ಲಟಿಸುವ ಈ ಕಥೆಯ ಚಲನೆಗೆ ಕನ್ನಡದಲ್ಲಿ ಇಂಥದೊಂದು ಧ್ವನಿಸಾಮ್ಯ ಸಿಕ್ಕಿರುವುದು ಗಮನಾರ್ಹ. ಮೂಲಭಾಷೆಗೂ ಇಲ್ಲದ ಅನುಕೂಲವಿದು.

2

ಸಮಾರ್ಯದವನು ಬಿದ್ದವನನ್ನು ಕಂಡಾಗ ಅವನಿಗೆ ಆದುದನ್ನು ಲೂಕನು ಒಂದೇ ಕ್ರಿಯಾಪದದಲ್ಲಿ ಹೇಳುತ್ತಾನೆ. 'ಸ್ಪ್ಲಾಂಖ್ನಿಜೊಮಾಯ್' ಎಂಬ ಆ ಕ್ರಿಯಾಪದ ಒಡಲಿನ ಒಳಭಾಗಗಳನ್ನು, ಅಂದರೆ ಕರುಳು, ಗುಂಡಿಗೆ ಮೊದಲಾದವನ್ನು ಹೇಳುವ ನಾಮಪದದಿಂದ ಹುಟ್ಟಿದ್ದು. ಹೊಸ ಒಡಂಬಡಿಕೆಯಲ್ಲಿ ಇದು 12 ಸಲ ಬರುತ್ತದೆ: ಮತ್ತಾಯನಲ್ಲಿ 5, ಮಾರ್ಕನಲ್ಲಿ 4, ಲೂಕನಲ್ಲಿ 3. ಇವುಗಳಲ್ಲಿ ಹೆಚ್ಚಿನವು ಯೇಸುವಿಗೇ ಸಂಬಂಧಿಸಿದವು. ಹಸಿದ ಜನಸಮೂಹವನ್ನು, ಕುರುಡರನ್ನು, ಒಬ್ಬನೇ ಮಗನನ್ನು ಕಳೆದುಕೊಂಡ ನಾಯಿನೆಂಬ ಊರಿನ ವಿಧವೆಯನ್ನು ಕಂಡಾಗ ಅವನ ಒಡಲಿನಲ್ಲಿ ಎದ್ದ ಸಂಕಟ ಅದು. ಉಳಿದಂತೆ ಸಾಮ್ಯಗಳೊಳಗಿನ ಮೂರು ಪಾತ್ರಗಳಿಗೆ ಮಾತ್ರ ಇದನ್ನು ಹೇಳಲಾಗಿದೆ: ಸಾಲಗಾರ ಸೇವಕನನ್ನು ಬಿಟ್ಟುಬಿಡುವ ಒಡೆಯ, ಹಾಳಾಗಿ ಹಿಂದಿರುಗಿದ ಮಗನತ್ತ ಓಡುವ ತಂದೆ, ಮತ್ತು ಈ ಸಮಾರ್ಯದವನು. ಮೊದಲಿಬ್ಬರನ್ನು ದೇವರ ಪ್ರತಿರೂಪಗಳೆಂದು ಓದುವುದು ರೂಢಿ. ಮೂರನೆಯವನು ಯೆಹೂದ್ಯರಿಗೆ ಬೇಡವಾದ ಜನಾಂಗದವನು. ದೇವರಿಗೆ ಸಲ್ಲುವ ಕ್ರಿಯಾಪದವನ್ನು ಲೂಕನು ಅವನಿಗೆ ಕೊಟ್ಟಿದ್ದಾನೆ.

ಹೀಬ್ರೂ ಭಾಷೆಯಲ್ಲಿಯೂ ಇದೇ ಬಗೆಯ ದೇಹಮೂಲವಿದೆ. ದೇವರ ಕರುಣೆಗೆ ಹಳೆಯ ಒಡಂಬಡಿಕೆ ಬಳಸುವ 'ರಹಮೀಮ್' ಎಂಬ ಪದ 'ರೆಹೆಮ್' ಅಂದರೆ ಗರ್ಭ ಎಂಬ ಪದದ ಬಂಧುವಾಗಿದೆ. ಹೀಗೆ ಎರಡೂ ಮೂಲಭಾಷೆಗಳಲ್ಲಿ ಕರುಣೆಯೆಂಬುದು ಮನಸ್ಸಿನ ತೀರ್ಮಾನಕ್ಕಿಂತ ಮೊದಲು ಒಡಲಿನಲ್ಲಿ ಆಗುವ ಒಂದು ಘಟನೆ.

ಕನ್ನಡ ಬೈಬಲ್ ಈ ಜಾಗಗಳಲ್ಲಿ 'ಕನಿಕರ'ವನ್ನು ನೆಚ್ಚಿಕೊಂಡಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆರಂಭಿಸಿದ ಅನುವಾದಕಾರ್ಯ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಿತು. ಬಳಿಕ ಬಾಸೆಲ್ ಮಿಷನ್ನಿನವರೂ ಸೇರಿ ಪರಿಷ್ಕರಣಗಳನ್ನು ನಡೆಸಿದರು. ಈ ದೀರ್ಘ ಪ್ರಕ್ರಿಯೆಯ ಫಲವಾಗಿ ರೂಢಿಗೆ ಬಂದ ಕನಿಕರ ಒಳ್ಳೆಯ ದೇಸಿ ಪದವೇ. ತಮಿಳಿನ ಕನಿ (ಹಣ್ಣು), ಕನಿವು (ಮಾಗಿದ ಮೃದುತ್ವ) ಎಂಬ ಪದಗಳ ಪಕ್ಕದಲ್ಲಿಟ್ಟು ನೋಡಿದರೆ ಕಾಯಿ ಹಣ್ಣಾಗಿ ಮೆತ್ತಗಾಗುವ ಚಿತ್ರವೊಂದು ಅದರ ತಳದಲ್ಲಿ ಇರುವಂತೆ ಕಾಣುತ್ತದೆ. ಸಂಸ್ಕೃತದ ದಯೆಗಿಂತ ಇದು ಸುವಾರ್ತೆಯ ಕ್ರಿಯಾಪದಕ್ಕೆ ಹತ್ತಿರ. ಆದರೂ ಬಳಕೆಯಲ್ಲಿ ಈ ಪದಕ್ಕೆ ಒಂದು ಏರುತಗ್ಗು ಸೇರಿಕೊಂಡಿದೆ. ಕನಿಕರ ತೋರಿಸುವವನು ಮೇಲೆ, ಪಡೆಯುವವನು ಕೆಳಗೆ. ಯಾರ ಕನಿಕರವೂ ಬೇಕಿಲ್ಲ ಎಂದು ಸ್ವಾಭಿಮಾನಿಯೊಬ್ಬ ಹೇಳುವಾಗ ಅವನು ನಿರಾಕರಿಸುವುದು ಈ ಏರುತಗ್ಗನ್ನೇ.

ಕರುಳೆಂಬ ಪದ ಇದ್ದೂ ಅನುವಾದಕರು ಅದನ್ನು ಏಕೆ ಹಿಡಿಯಲಿಲ್ಲ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕರುಳು ಚುರುಕ್ಕೆನ್ನುವುದು, ಕರುಳು ಕಿವುಚಿದಂತಾಗುವುದು, ಕರುಳು ಕಿತ್ತುಬರುವುದು ಮುಂತಾದ ನುಡಿಗಟ್ಟುಗಳು ಗ್ರೀಕ್ ಕ್ರಿಯಾಪದಕ್ಕೆ ಅಕ್ಷರಶಃ ಹೊಂದುತ್ತವೆ. ಕನ್ನಡದ ಯಾವ ಅಜ್ಜಿಗೂ ವಿವರಣೆ ಬೇಡ. ಅನುವಾದಕರ ಮನಸ್ಸಿನಲ್ಲಿ ಏನಿತ್ತೆಂಬ ಊಹೆಯನ್ನು ಬದಿಗಿಟ್ಟು ಪದದ ಸ್ವಭಾವವನ್ನಷ್ಟೇ ನೋಡಿದರೂ ಒಂದು ತೊಡಕು ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ಕರುಳು ರಕ್ತಸಂಬಂಧದ ಪದ. ಹೆತ್ತ ಕರುಳು, ಕರುಳಬಳ್ಳಿ, ಕರುಳಿನ ಕೂಗು ಎಂಬಲ್ಲೆಲ್ಲ ತಾಯಿ-ಮಕ್ಕಳ, ಒಡಹುಟ್ಟಿದವರ ನಂಟಿದೆ. ಪರರಿಗಾಗಿ ಮಿಡಿಯುವುದನ್ನು ಕನ್ನಡ ಹೃದಯಕ್ಕೋ ಮನಸ್ಸಿಗೋ ಬಿಟ್ಟುಕೊಟ್ಟಿದೆ. ಕರುಳನ್ನು ಮಾತ್ರ ಮನೆಯವರಿಗೆಂದು ಕಾದಿರಿಸಿದೆ. ಪರಜನಾಂಗದ ದಾರಿಹೋಕನ ಕರುಳು ಗುರುತಿಲ್ಲದವನಿಗಾಗಿ ಚುರುಕ್ಕೆಂದಿತು ಎಂದು ಬರೆದಿದ್ದರೆ ಕನ್ನಡ ಓದುಗನಿಗೆ ಅದು ತುಸು ಅಸಹಜವಾಗಿ ಕೇಳುತ್ತಿತ್ತು. ಆದರೆ ಆ ಅಸಹಜತೆಯೇ ಕಥೆಯ ತಿರುಳು. ನೆತ್ತರಿನ ನಂಟಿಲ್ಲದೆಡೆ ನೆತ್ತರಿನ ನಂಟು ಇದ್ದಂತೆ ಒಡಲು ವರ್ತಿಸಿತು ಎಂಬುದೇ ಲೂಕನು ಹೇಳುತ್ತಿರುವುದು. ಕನಿಕರವೆಂಬ ಪದ ಆ ಬೆಚ್ಚುವಿಕೆಯನ್ನು ಸಲೀಸುಗೊಳಿಸಿದೆ ಎನ್ನದೆ ವಿಧಿಯಿಲ್ಲ.

ಇದೇ ಕ್ರಿಯಾಪದಕ್ಕೆ ಸಂಬಂಧಿಸಿದ ಒಂದು ಪಾಠಾಂತರವನ್ನು ಗ್ರಂಥಸಂಪಾದನೆಯಲ್ಲಿ ಆಸಕ್ತಿಯುಳ್ಳವರು ಗಮನಿಸಬೇಕು. ಮಾರ್ಕನ ಮೊದಲ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬ ಬಂದು ಬೇಡಿಕೊಂಡಾಗ ಯೇಸು ಮರುಗಿ ಕೈಚಾಚಿ ಅವನನ್ನು ಮುಟ್ಟಿದನೆಂದು ಬಹುಪಾಲು ಹಸ್ತಪ್ರತಿಗಳಲ್ಲಿದೆ. ಕೇಂಬ್ರಿಜ್‍ನಲ್ಲಿರುವ ಬೇಜಾ ಹಸ್ತಪ್ರತಿಯಲ್ಲಾದರೋ ಸಿಟ್ಟಾಗಿ ಕೈಚಾಚಿ ಮುಟ್ಟಿದನೆಂಬ ಪಾಠವಿದೆ. ಸಿಟ್ಟಾದನೆಂದಿದ್ದುದನ್ನು ಲಿಪಿಕಾರರು ಮರುಗಿದನೆಂದು ತಿದ್ದುವುದು ಸುಲಭ. ಮರುಗಿದನೆಂದಿದ್ದುದನ್ನು ಯಾರಾದರೂ ಸಿಟ್ಟಾದನೆಂದು ತಿದ್ದುವುದು ಊಹಾತೀತ. ಕ್ಲಿಷ್ಟಪಾಠವೇ ಪ್ರಾಚೀನವೆಂಬ ನ್ಯಾಯದಂತೆ ಕೆಲವು ವಿದ್ವಾಂಸರು ಸಿಟ್ಟಿನ ಪಾಠವನ್ನೇ ಒಪ್ಪುತ್ತಾರೆ. ಚರ್ಚೆ ತೀರ್ಮಾನವಾಗಿಲ್ಲ. ಯಾರ ಮೇಲೆ ಸಿಟ್ಟು ಎಂಬುದೂ ತಿಳಿಯದು. ರೋಗದ ಮೇಲೆ ಇರಬಹುದು, ರೋಗಿಯನ್ನು ಊರ ಹೊರಗಿಟ್ಟ ವ್ಯವಸ್ಥೆಯ ಮೇಲೆ ಇರಬಹುದು. ಕನ್ನಡದಲ್ಲಿ ಒಡಲಿನ ಈ ಎರಡು ಭಾವಗಳ ನೆರೆತನ ಹೊಸದೇನಲ್ಲ. ಆ ಮಕ್ಕಳ ಸ್ಥಿತಿ ಕಂಡು ಹೊಟ್ಟೆ ಉರಿಯಿತು ಎನ್ನುವಾಗ ಮರುಕ ಎಲ್ಲಿ ಮುಗಿದು ಕೋಪ ಎಲ್ಲಿ ಆರಂಭವಾಗುತ್ತದೆಂದು ಗೆರೆ ಎಳೆಯಲಾಗದು. ಕನಿಕರಕ್ಕೆ ಈ ಉರಿ ಇಲ್ಲ.

3

ಯಾಜಕ ಮತ್ತು ಲೇವಿಯ ಏಕೆ ನಿಲ್ಲಲಿಲ್ಲ? ಕಥೆ ಕಾರಣ ಹೇಳುವುದಿಲ್ಲ. ವ್ಯಾಖ್ಯಾನಕಾರರು ಹೇಳುತ್ತಾರೆ, ಮತ್ತು ಅವರು ಹೆಚ್ಚಾಗಿ ಕೊಡುವ ಕಾರಣ ಶುದ್ಧಿ-ಅಶುದ್ಧಿಯದು. ಹೆಣ ಮುಟ್ಟಿದರೆ ಯಾಜಕನು ಅಶುದ್ಧನಾಗುತ್ತಾನೆಂಬ ನಿಯಮ ಯಾಜಕಕಾಂಡದಲ್ಲಿದೆ. ಬಿದ್ದವನು ಸತ್ತಿರಬಹುದೆಂಬ ಶಂಕೆಯಿಂದ ಅವರು ದೂರ ಸರಿದರು ಎಂಬುದು ವಾದ. ಕನ್ನಡ ಓದುಗನಿಗೆ ಈ ವಾದ ಎಷ್ಟು ಬೇಗ ಒಗ್ಗುತ್ತದೆಂದರೆ ಅದನ್ನು ಪ್ರಶ್ನಿಸಬೇಕೆಂದೇ ತೋರುವುದಿಲ್ಲ. ಮಡಿ-ಮೈಲಿಗೆಯ ಅನುಭವ ಇಲ್ಲಿಯ ಬದುಕಿನಲ್ಲಿದೆ. ಸಾಹಿತ್ಯದಲ್ಲಿ 'ಸಂಸ್ಕಾರ' (1965) ಇದೆ. ನಾರಣಪ್ಪನ ಹೆಣವನ್ನಿಟ್ಟುಕೊಂಡು ಧರ್ಮಶಾಸ್ತ್ರದ ಗ್ರಂಥಗಳನ್ನು ತಿರುವಿಹಾಕುವ ಪ್ರಾಣೇಶಾಚಾರ್ಯರನ್ನು ಕಂಡ ಓದುಗನ ಕಣ್ಣಿಗೆ ಯೆರಿಕೋ ದಾರಿಯ ಯಾಜಕ ಅಗ್ರಹಾರದ ಇನ್ನೊಬ್ಬ ಆಚಾರ್ಯನಂತೆಯೇ ಕಾಣುತ್ತಾನೆ.

ಪಠ್ಯವನ್ನು ನಿಧಾನವಾಗಿ ಓದಿದರೆ ಈ ವಾದ ನಿಲ್ಲುವುದು ಕಷ್ಟ. ಯಾಜಕನು ಆ ದಾರಿಯಲ್ಲಿ ಇಳಿದುಹೋಗುತ್ತಿದ್ದ ಎಂದು ಲೂಕನು ಹೇಳುತ್ತಾನೆ. ಇಳಿಯುವುದೆಂದರೆ ಯೆರೂಸಲೇಮಿನಿಂದ ದೂರ ಹೋಗುವುದು. ದೇವಾಲಯದ ಸೇವೆಗೆ ಹೊರಟವನು ಅಶುದ್ಧಿಗೆ ಅಂಜಿದನೆನ್ನಬಹುದಿತ್ತು. ಆದರೆ ಈತ ಬೆನ್ನು ಮಾಡಿ ಹೊರಟಿದ್ದಾನೆ. ಯಾಜಕರಿಗಿದ್ದ ಹೆಣದ ನಿಷೇಧ ಲೇವಿಯರಿಗೆ ಅದೇ ಬಿಗಿಯಲ್ಲಿ ಅನ್ವಯಿಸುತ್ತಿರಲಿಲ್ಲ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಯೆಹೂದ್ಯರ ಮಿಷ್ನಾ ಗ್ರಂಥವಂತೂ ದಿಕ್ಕಿಲ್ಲದ ಹೆಣ ದಾರಿಯಲ್ಲಿ ಸಿಕ್ಕರೆ ಮಹಾಯಾಜಕನೂ ಅದರ ಸಂಸ್ಕಾರಕ್ಕೆ ಹೊಣೆಯಾಗುವ ಸಂದರ್ಭವನ್ನು ಚರ್ಚಿಸುತ್ತದೆ. ಶಾಸ್ತ್ರ ಅವರನ್ನು ತಡೆಯಲಿಲ್ಲ. ಅವರು ಶಾಸ್ತ್ರವನ್ನೂ ದಾಟಿ ಹೋದರು. ಏಮಿ-ಜಿಲ್ ಲೆವೀನ್ ಅವರಂಥ ಯೆಹೂದ್ಯ ವಿದ್ವಾಂಸರು ಶುದ್ಧಿವಾದವನ್ನು ವಿರೋಧಿಸಿರುವುದು ಈ ಆಧಾರಗಳ ಮೇಲೆಯೇ. ಅವರ ಆಕ್ಷೇಪದಲ್ಲಿ ಇನ್ನೊಂದು ತೂಕದ ಸಂಗತಿಯೂ ಇದೆ. ಕ್ರೈಸ್ತ ಉಪದೇಶಕರು ಯೆಹೂದ್ಯ ಧರ್ಮವನ್ನು ಕರುಣೆಯಿಲ್ಲದ ಕರ್ಮಠತೆಯೆಂದು ಚಿತ್ರಿಸಲು ಈ ಕಥೆಯನ್ನು ಬಳಸುತ್ತ ಬಂದಿದ್ದಾರೆ; ಕರುಣೆಯ ಕಥೆಯೊಂದು ಪರಧರ್ಮದ ನಿಂದೆಗೆ ಸಾಧನವಾಗಿದೆ.

ಕನ್ನಡದ ಮಡಿ-ಮೈಲಿಗೆಯ ಓದಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಆ ಓದು ಅನುಕೂಲಕರವಾದುದು. ತಪ್ಪನ್ನು ಮಡಿವಂತರ ಮೇಲೆ ಹೊರಿಸಿ, ಮಡಿಯಿಲ್ಲದ ಆಧುನಿಕ ಓದುಗನನ್ನು ಕ್ಷೇಮವಾಗಿ ಹೊರಗೆ ನಿಲ್ಲಿಸುತ್ತದೆ. ಲೂಕನ ಕಥೆ ಕಾರಣ ಹೇಳದೆ ಇರುವುದರಲ್ಲಿಯೇ ಅದರ ತೀಕ್ಷ್ಣತೆ ಇದೆ. ಅವಸರವಿತ್ತು, ಕಳ್ಳರ ಭಯವಿತ್ತು, ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ ಎನಿಸಿತ್ತು. ಯಾವ ಕಾರಣವನ್ನಾದರೂ ಅಲ್ಲಿ ತುಂಬಬಹುದು.

ಸಮಾರ್ಯದವನನ್ನು ಗುರುತಿಸುವಲ್ಲಿಯೂ ಇಂಥದೇ ಅವಸರ ಕಾಣುತ್ತದೆ. ಭಾರತೀಯ ಓದುಗಳಲ್ಲಿ ಅವನನ್ನು ಅಸ್ಪೃಶ್ಯನಿಗೆ ಸಮೀಕರಿಸುವುದುಂಟು. ಈ ಸಮೀಕರಣಕ್ಕೆ ನೈತಿಕವಾದ ಬಲವಿದ್ದರೂ ಅದು ಪೂರ್ಣ ಸರಿಯಲ್ಲ. ಸಮಾರ್ಯದವರು ಅದೇ ಮೋಶೆಯ ಐದು ಗ್ರಂಥಗಳನ್ನು ನಂಬುತ್ತಿದ್ದವರು. ಯೆರೂಸಲೇಮಿಗೆ ಬದಲಾಗಿ ಗೆರಿಜ್ಜೀಮ್ ಬೆಟ್ಟವನ್ನು ಪವಿತ್ರವೆಂದು ತಿಳಿದವರು. ಆ ಬೆಟ್ಟದ ಮೇಲಿನ ಅವರ ದೇವಾಲಯವನ್ನು ಕ್ರಿ.ಪೂ. ಎರಡನೆಯ ಶತಮಾನದ ಕೊನೆಯ ಭಾಗದಲ್ಲಿ ಯೆಹೂದ್ಯ ಅರಸ ಯೋಹಾನ ಹಿರ್ಕಾನಸ್ ನಾಶಮಾಡಿದ. ಹೀಗಾಗಿ ಸಮಾರ್ಯದವನು ತುಳಿತಕ್ಕೊಳಗಾದವನೆನ್ನುವುದಕ್ಕಿಂತ ಒಂದೇ ಶಾಸ್ತ್ರವನ್ನು ಹಂಚಿಕೊಂಡ ಹಗೆಯವನು. ಈ ಕಥೆಗೆ ಒಂದೇ ಅಧ್ಯಾಯ ಹಿಂದೆ ಸಮಾರ್ಯದ ಊರೊಂದು ಯೇಸುವಿಗೆ ಇಳಿದುಕೊಳ್ಳಲು ಜಾಗ ಕೊಡಲಿಲ್ಲ; ಆ ಊರನ್ನು ಆಕಾಶದ ಬೆಂಕಿಯಿಂದ ಸುಟ್ಟುಬಿಡೋಣವೇ ಎಂದು ಶಿಷ್ಯರಿಬ್ಬರು ಕೇಳಿ ಬೈಸಿಕೊಂಡರು. ಆ ಗಾಯ ಇನ್ನೂ ಹಸಿಯಾಗಿರುವಾಗ ಈ ಕಥೆ ಬರುತ್ತದೆ. ಕೊನೆಯಲ್ಲಿ ನೆರೆಯವನಾದವನು ಯಾರೆಂದು ಕೇಳಿದಾಗ ಶಾಸ್ತ್ರಜ್ಞನ ಬಾಯಿಯಿಂದ ಸಮಾರ್ಯದವನು ಎಂಬ ಹೆಸರು ಹೊರಡುವುದಿಲ್ಲ. ದಯೆ ತೋರಿದವನು ಎಂದು ಸುತ್ತಿಬಳಸಿ ಹೇಳುತ್ತಾನೆ. ಅವನ ಬಾಯಲ್ಲಿ ಗ್ರೀಕ್ ಪದವೂ ಬದಲಾಗುತ್ತದೆ: ಒಡಲಿನಿಂದ ಬಂದ ಕ್ರಿಯಾಪದದ ಜಾಗದಲ್ಲಿ 'ಎಲೆಯೊಸ್' ಎಂಬ, ಪ್ರಾರ್ಥನೆ-ಶಾಸ್ತ್ರಗಳಲ್ಲಿ ನೆಲೆಗೊಂಡ ಪದ ಬರುತ್ತದೆ. ನಿರೂಪಕನದು ಕರುಳಿನ ಮಾತು, ಶಾಸ್ತ್ರಜ್ಞನದು ದಯೆಯ ಮಾತು. ಇನ್ನು 'ಒಳ್ಳೆಯ ಸಮಾರ್ಯದವನು' ಎಂಬ ರೂಢಿಯ ಶೀರ್ಷಿಕೆ ಪಠ್ಯದಲ್ಲಿ ಇಲ್ಲವೇ ಇಲ್ಲ. ಉಳಿದ ಸಮಾರ್ಯದವರು ಒಳ್ಳೆಯವರಲ್ಲ ಎಂಬ ಧ್ವನಿ ಆ ವಿಶೇಷಣದಲ್ಲಿ ಅಡಗಿರುವುದು ವಿಪರ್ಯಾಸ.

4

ದಯೆ, ಕರುಣೆಗಳ ಕನ್ನಡ ಪೂರ್ವಜೀವನವನ್ನು ಇಲ್ಲಿ ವಿಸ್ತಾರವಾಗಿ ಹೇಳಬೇಕಿಲ್ಲ. ಆದರೂ ಎರಡು ನೆಲೆಗಳನ್ನು ಪಕ್ಕದಲ್ಲಿಟ್ಟರೆ ಕ್ರೈಸ್ತ ಕಲ್ಪನೆಯ ವಿಶಿಷ್ಟತೆ ತಿಳಿಯುತ್ತದೆ. ಮೊದಲನೆಯದು ಜೈನ ಕಾವ್ಯಗಳ ಜೀವದಯೆ. 1209ರ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದಲೇ ತಾಯಿ-ಮಗ ಭವಭವಗಳಲ್ಲಿ ತೊಳಲುತ್ತಾರೆ. ಜನ್ನನ ದಯೆಯ ವ್ಯಾಪ್ತಿ ಲೂಕನ ಕಥೆಗಿಂತ ದೊಡ್ಡದು. ಅದು ಪ್ರಾಣಿಗಳನ್ನೂ ಒಳಗೊಳ್ಳುತ್ತದೆ, ಕೃತ್ಯವನ್ನು ದಾಟಿ ಸಂಕಲ್ಪವನ್ನು ಮುಟ್ಟುತ್ತದೆ. ಆದರೆ ಅಲ್ಲಿಯ ಪಾಪ ಹಿಂಸೆಯ ಪಾಪ, ಮಾಡಿದ್ದರ ಪಾಪ. ಯೆರಿಕೋ ದಾರಿಯಲ್ಲಿ ಯಾಜಕ-ಲೇವಿಯರು ಯಾವ ಹಿಂಸೆಯನ್ನೂ ಮಾಡಿಲ್ಲ. ಅವರದು ಮಾಡದೆ ಹೋದುದರ ಪಾಪ. ಜೈನಧರ್ಮದಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರಗಳ ಚತುರ್ವಿಧ ದಾನವಿತ್ತೆಂಬುದನ್ನು ಮರೆಯುವಂತಿಲ್ಲ. ಅತ್ತಿಮಬ್ಬೆಯ ನೆನಪೊಂದೇ ಸಾಕು. ಆದರೂ ಕಾವ್ಯದ ಒತ್ತು ಬೀಳುವುದು ಹಿಂಸೆಯಿಂದ ಹಿಂಜರಿಯುವುದರ ಮೇಲೆ.

ಎರಡನೆಯದು ಶರಣರ ನೆಲೆ. ದಯೆಯನ್ನು ಧರ್ಮದ ಬುಡದಲ್ಲಿಡುವ ಬಸವಣ್ಣನವರ ವಚನವನ್ನು ಕ್ರೈಸ್ತ ಉಪದೇಶಗಳು ಮತ್ತೆ ಮತ್ತೆ ನೆನೆಯುವುದುಂಟು. ಅದಕ್ಕಿಂತ ಆಳವಾದ ಸಂವಾದಿ ಪರಿಕಲ್ಪನೆ ದಾಸೋಹ ಎನ್ನಬೇಕು. ದಾನದಲ್ಲಿ ಕೊಡುವವನು ದೊಡ್ಡವನು. ದಾಸೋಹದಲ್ಲಿ ಕೊಡುವವನು ದಾಸ. ಏರುತಗ್ಗು ಇಲ್ಲಿ ತಿರುವುಮುರುವಾಗಿದೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಹಸಿದವನಿಗೆ, ಬಟ್ಟೆಯಿಲ್ಲದವನಿಗೆ, ಸೆರೆಯಲ್ಲಿದ್ದವನಿಗೆ ಮಾಡಿದ್ದು ತನಗೇ ಮಾಡಿದ್ದೆಂದು ಅರಸನು ಹೇಳುವ ನ್ಯಾಯತೀರ್ಪಿನ ಚಿತ್ರಕ್ಕೆ ಕನ್ನಡದಲ್ಲಿ ಅತಿ ಹತ್ತಿರದ ಪದ ಇದೇ. ಪ್ರಭಾವದ ಪ್ರಶ್ನೆ ಇಲ್ಲಿಲ್ಲ. ವ್ಯತ್ಯಾಸವೂ ಇದೆ: ದಾಸೋಹದ ಪಾತ್ರ ಮೊದಲಿಗೆ ಜಂಗಮ, ಲಿಂಗಸ್ವರೂಪಿಯೆಂದು ಭಕ್ತನಿಗೆ ಮೊದಲೇ ಗೊತ್ತಿರುವವನು, ಮತ್ತಾಯನಲ್ಲಿ ಕೊಟ್ಟವರಿಗೆ ತಾವು ಯಾರಿಗೆ ಕೊಟ್ಟೆವೆಂಬುದು ತಿಳಿದೇ ಇರಲಿಲ್ಲ.

ಆಧುನಿಕ ಕಾವ್ಯದಲ್ಲಿ ಮಂಜೇಶ್ವರ ಗೋವಿಂದ ಪೈ ಅವರು ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ'ದಲ್ಲಿಯೂ (1937) ಬುದ್ಧನ ಕೊನೆಯ ದಿನವನ್ನು 'ವೈಶಾಖಿ'ಯಲ್ಲಿಯೂ ಚಿತ್ರಿಸಿ ಕರುಣೆಯ ಎರಡು ಪರಂಪರೆಗಳನ್ನು ಎದುರುಬದುರಿಗಿಟ್ಟರು. ಇವುಗಳ ತೌಲನಿಕ ಅಧ್ಯಯನಕ್ಕೆ ಬೇರೆಯದೇ ಲೇಖನ ಬೇಕು. ಇಲ್ಲಿ ಗಮನಿಸಬೇಕಾದುದು ಇಷ್ಟೆ: ಕ್ರೈಸ್ತನಲ್ಲದ ಕನ್ನಡ ಕವಿಯ ಗಮನವನ್ನು ಸೆಳೆದುದು ಉಪಕಾರ ಮಾಡುವ ಯೇಸುವಿಗಿಂತ ನೋಯುವ ಯೇಸು.

5

ಈ ಮಾತು ಕಥೆಯ ಒಂದು ಹಳೆಯ ಓದಿನ ಕಡೆಗೆ ಕೊಂಡೊಯ್ಯುತ್ತದೆ. ನಾಲ್ಕು-ಐದನೆಯ ಶತಮಾನದ ಸಂತ ಅಗಸ್ಟೀನನು ಇದನ್ನು ಅನ್ಯೋಕ್ತಿಯಾಗಿ ಓದಿದ. ಬಿದ್ದವನು ಆದಾಮ, ಅಂದರೆ ಇಡೀ ಮನುಕುಲ, ಕಳ್ಳರು ಸೈತಾನ ಮತ್ತವನ ದೂತರು, ಸಮಾರ್ಯದವನು ಕ್ರಿಸ್ತ, ಛತ್ರ ಸಭೆ, ಛತ್ರದವನು ಪೌಲ. ಇಂಥ ಒಗಟು ಬಿಡಿಸುವ ಓದನ್ನು ಆಧುನಿಕ ವಿಮರ್ಶೆ ಬದಿಗೆ ಸರಿಸಿದೆ, ಸರಿಸಿದ್ದು ಸರಿಯೇ. ಆದರೂ ಆ ಓದಿನಲ್ಲಿ ಇದ್ದು ಆಧುನಿಕ ಓದಿನಲ್ಲಿ ಇಲ್ಲದ ಒಂದು ಅಂಶವಿದೆ: ಓದುಗ ನಿಂತಿರುವ ಜಾಗ. ಆಧುನಿಕ ಓದುಗ ಸಮಾರ್ಯದವನ ಜಾಗದಲ್ಲಿ ನಿಂತು ಯಾರಿಗೆ ಸಹಾಯ ಮಾಡಲಿ ಎಂದು ನೋಡುತ್ತಾನೆ. ಅಗಸ್ಟೀನನ ಓದುಗ ಹಳ್ಳದಲ್ಲಿ ಬಿದ್ದಿದ್ದಾನೆ. ಅವನಿಗೆ ಕರುಣೆಯೆಂಬುದು ಮೊದಲು ಪಡೆದದ್ದು, ಆಮೇಲೆ ಕೊಡುವಂಥದು. ಪಡೆದವನು ಕೊಡುವಾಗ ಮೇಲೆ ನಿಂತು ಕೊಡಲಾರ. ಕ್ರೈಸ್ತ ಕರುಣೆಯನ್ನು ಬರಿಯ ಪರೋಪಕಾರದಿಂದ ಬೇರ್ಪಡಿಸುವ ಗೆರೆ ಇಲ್ಲಿದೆ. ಬಿದ್ದವನ ಜಾಗದಿಂದ ನೋಡಿದರೆ ಕಥೆಯ ಕಹಿಯೂ ತಿಳಿಯುತ್ತದೆ. ಬದುಕಬೇಕಾದರೆ ತಾನು ದ್ವೇಷಿಸುವವನ ಕೈಯಿಂದಲೇ ನೀರು ಕುಡಿಯಬೇಕು.

ಈ ಅಳತೆಗೋಲನ್ನು ಹಿಡಿದು ಕನ್ನಡ ನಾಡಿನ ಮಿಷನ್ ಚರಿತ್ರೆಯನ್ನು ನೋಡುವುದು ನ್ಯಾಯ. 1876-78ರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಸ್ಥಿತಿ ಎಂಥದಾಗಿತ್ತೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಷನ್ನುಗಳು ಅನಾಥಾಲಯಗಳಿಗೆ ಸೇರಿಸಿಕೊಂಡವು. ಸಿಲುವೇಪುರದಂಥ ಊರು ಬರದ ಮಕ್ಕಳಿಗಾಗಿ ಕಥೋಲಿಕ ಮಿಷನ್ ನೆಲೆಗೊಳಿಸಿದ್ದು. ಶಿಲುಬೆಯ ಹೆಸರನ್ನು ಊರೇ ಹೊತ್ತಿದೆ. ಕರಾವಳಿಯಲ್ಲಿ ಇದಕ್ಕೆ ಮೊದಲೇ ಬಾಸೆಲ್ ಮಿಷನ್, ಮತಾಂತರದಿಂದ ಜಾತಿಯನ್ನೂ ಕುಲಕಸುಬನ್ನೂ ಕಳೆದುಕೊಂಡವರಿಗಾಗಿ ನೇಯ್ಗೆಯ ಶಾಲೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದಿತ್ತು. ಕನಿಕರ ಇಲ್ಲಿ ಕೂಲಿಯಾಗಿ, ಕಸುಬಾಗಿ ರೂಪಾಂತರಗೊಂಡಿತು. ಸಾಮ್ಯದಲ್ಲಿಯೂ ಛತ್ರವಿದೆ, ನಾಣ್ಯವಿದೆ, ಲೆಕ್ಕವಿದೆ. ಒಡಲಿನ ಸಂಕಟ ಒಂದು ರಾತ್ರಿಯ ಬಳಿಕ ವ್ಯವಸ್ಥೆಯೊಂದರ ಕೈಗೆ ದಾಟಲೇಬೇಕು. ಹಾಗಾಗಿ ಸಂಸ್ಥೆಯಾಗಿ ಬೆಳೆದದ್ದನ್ನೇ ತಪ್ಪೆನ್ನಲಾಗದು.

ಪ್ರಶ್ನೆ ಏಳುವುದು ಬೇರೆಡೆ. ಸಮಾರ್ಯದವನು ಬಿದ್ದವನ ಜಾತಿ, ಊರು, ಹೆಸರು, ನಂಬಿಕೆ ಯಾವುದನ್ನೂ ಕೇಳಲಿಲ್ಲ. ಗುಣವಾದ ಮೇಲೆ ಗೆರಿಜ್ಜೀಮ್ ಬೆಟ್ಟಕ್ಕೆ ಬಾ ಎನ್ನಲಿಲ್ಲ. ಹಿಂದಿರುಗಿ ಬರುವೆನೆಂದದ್ದು ಛತ್ರದವನ ಬಾಕಿ ತೀರಿಸಲು, ತನ್ನ ಬಾಕಿ ವಸೂಲಿ ಮಾಡಲು ಅಲ್ಲ. ಅನಾಥಾಲಯದ ಮಗುವಿಗೆ ಅನ್ನದ ಜೊತೆಗೆ ಹೊಸ ಹೆಸರೂ ಹೊಸ ನಂಬಿಕೆಯೂ ಬಂದವು. ಮಿಷನರಿಗಳ ದೃಷ್ಟಿಯಲ್ಲಿ ಅದು ಬೇಡಿಕೆಯಾಗಿರಲಿಲ್ಲ. ತಮ್ಮಲ್ಲಿದ್ದ ಅತ್ಯುತ್ತಮವಾದುದರ ಕೊಡುಗೆಯಾಗಿತ್ತು. ಹೊರಗಿನವರ ದೃಷ್ಟಿಯಲ್ಲಿ ಅದು ಹಸಿವಿನ ದುರುಪಯೋಗ. ಈ ಎರಡು ನೋಟಗಳ ನಡುವಿನ ಜಗಳ ಇಂದಿಗೂ ಮುಗಿದಿಲ್ಲ. ಎರಡೂ ಕಡೆಯವರು ಮರೆಯುವ ಸಂಗತಿಯೊಂದಿದೆ: ಅನೇಕ ಮಕ್ಕಳು ಬದುಕಿದರು, ಮತ್ತು ತಮ್ಮ ನಂಬಿಕೆಯನ್ನು ಆರಿಸಿಕೊಳ್ಳುವ ವಯಸ್ಸಿನಲ್ಲಿ ಅವರಿರಲಿಲ್ಲ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಡುವ ಚರಿತ್ರೆಯೂ, ಎರಡನೆಯದನ್ನು ಹೇಳಿ ಮೊದಲನೆಯದನ್ನು ಬಿಡುವ ಚರಿತ್ರೆಯೂ ಆಚೆಯ ಬದಿಯಿಂದಲೇ ನಡೆದುಹೋಗುತ್ತವೆ.

ಲೂಕನ ಕಥೆಯಲ್ಲಿ ಬಿದ್ದವನು ಮೊದಲಿನಿಂದ ಕೊನೆಯವರೆಗೆ ಒಂದು ಮಾತನ್ನೂ ಆಡುವುದಿಲ್ಲ. ಕಳ್ಳರು, ಯಾಜಕ, ಲೇವಿಯ, ಸಮಾರ್ಯದವನು ಎಲ್ಲರೂ ಅವನಿಗೆ ಏನಾದರೊಂದನ್ನು ಮಾಡುತ್ತಾರೆ ಅಥವಾ ಮಾಡದೆ ಹೋಗುತ್ತಾರೆ; ಛತ್ರದ ಹಾಸಿಗೆಯ ಮೇಲೆ ಎಚ್ಚರಗೊಂಡಾಗ ಅವನು ಏನೆಂದನೋ ಪಠ್ಯದಲ್ಲಿಲ್ಲ. ಬರಗಾಲದ ಮಕ್ಕಳ ವಿಷಯದಲ್ಲಿಯೂ ಕನ್ನಡ ಸಂಶೋಧನೆ ಈವರೆಗೆ ಹೆಚ್ಚಾಗಿ ಕೇಳಿಸಿಕೊಂಡಿರುವುದು ಕೊಟ್ಟವರ ಮಾತನ್ನು: ವರದಿಗಳು, ಪತ್ರಗಳು, ಜೀವನಚರಿತ್ರೆಗಳು. ಪಡೆದವರ ಮಾತು ಸಿಗಬಹುದಾದ ಜಾಗಗಳು ಬೇರೆ: ಜ್ಞಾನಸ್ನಾನದ ದಾಖಲೆಪುಸ್ತಕದಲ್ಲಿ ಹಳೆಯ ಹೆಸರಿನ ಪಕ್ಕದಲ್ಲಿ ಬರೆದ ಹೊಸ ಹೆಸರು, ಸಮಾಧಿಕಲ್ಲಿನ ಕನ್ನಡ ಬರೆಹ, ಅಜ್ಜಿಯೊಬ್ಬಳನ್ನು ಬರದಲ್ಲಿ ಎತ್ತಿಕೊಂಡು ಬಂದರಂತೆ ಎಂದು ಮೊಮ್ಮಕ್ಕಳು ಹೇಳಿಕೊಂಡು ಬಂದ ಮಾತು. ಈ ಆಕರಗಳ ಸಂಗ್ರಹ ಇನ್ನೂ ಆಗಬೇಕಾಗಿದೆ.